ಸೀಟಿ ಮೇಷ್ಟ್ರ ಅಲೆಪಾಠ

ಸೀಟಿ ಮೇಷ್ಟ್ರ ಕಣ್ಣಿಗೆ ಈ ಲೋಕದಲ್ಲಿ ಎರಡೇ ಬಗೆಯ ವಸ್ತುಗಳು ಕಾಣುತ್ತಿದ್ದವು: ಸಾಲಿನಲ್ಲಿರುವುವು ಮತ್ತು ಸಾಲು ತಪ್ಪಿರುವುವು. ಮೊದಲನೆಯದನ್ನು ಕಂಡರೆ ಅವರ ಮುಖ ಅರಳುತ್ತಿತ್ತು. ಎರಡನೆಯದನ್ನು ಕಂಡರೆ ಕೈ ತಾನಾಗಿಯೇ ಕೊರಳಿಗೆ ಹೋಗುತ್ತಿತ್ತು. ಕೊರಳಲ್ಲಿ ಕರಿ ದಾರಕ್ಕೆ ಕಟ್ಟಿದ ಸೀಟಿ ಇರುತ್ತಿತ್ತು. ಸ್ನಾನಕ್ಕೆ ಹೋಗುವಾಗ ಮಾತ್ರ ಅದನ್ನು ಬಿಚ್ಚಿ ಬಚ್ಚಲಮನೆಯ ಮೊಳೆಗೆ ನೇತುಹಾಕುತ್ತಿದ್ದರು, ಅದೂ ಸೋಪು ಹಚ್ಚಿಕೊಂಡ ಕೈಗೂ ಎಟುಕುವಷ್ಟು ಹತ್ತಿರದಲ್ಲಿ.

ಶಾಲೆಯಲ್ಲಿ ಅವರು ಡ್ರಿಲ್ ಮೇಷ್ಟ್ರು. ಮನೆಯಲ್ಲೂ ಅದೇ. ಹೊಸಿಲ ಬಳಿ ಚಪ್ಪಲಿಗಳು ಗಾತ್ರದ ಪ್ರಕಾರ ನಿಲ್ಲಬೇಕು, ಅಡುಗೆಮನೆಯ ಡಬ್ಬಗಳು ಎತ್ತರದ ಪ್ರಕಾರ. ಹೆಂಡತಿಯ ಹೊಲಿಗೆ ಮೇಜು ಮಾತ್ರ ಅವರ ಆಡಳಿತಕ್ಕೆ ಒಳಪಡದ ಸ್ವತಂತ್ರ ರಾಜ್ಯವಾಗಿ ಉಳಿದಿತ್ತು. ಮದುವೆಯಾದ ಹೊಸದರಲ್ಲಿ ಒಮ್ಮೆ ಅಲ್ಲಿಯ ದಾರದ ಉಂಡೆಗಳನ್ನು ಸಾಲಾಗಿ ನಿಲ್ಲಿಸಲು ಹೋದಾಗ ಆಕೆ ತಲೆ ಎತ್ತದೆ, "ರೀ, ನನ್ನ ಕೈಲಿ ಕತ್ತರಿ ಇದೆ, ನೋಡ್ಕೊಂಡು ಮುಟ್ಟಿ" ಅಂದಿದ್ದಳು. ಅಂದಿನಿಂದ ಮೇಷ್ಟ್ರು ಆ ಮೇಜಿನ ಕಡೆ ಕಣ್ಣು ಮುಚ್ಚಿಕೊಂಡೇ ಓಡಾಡುತ್ತಿದ್ದರು.

ಅವರ ಸೀಟಿಗೆ ಒಂದು ಭಾಷೆಯೇ ಇತ್ತು. ಉದ್ದನೆಯ ಸೀಟಿ ಎಂದರೆ ಬನ್ನಿ. ಎರಡು ತುಂಡು ಸೀಟಿ ಎಂದರೆ ನಡೆಯಿರಿ. ಒಂದೇ ಒಂದು ಚುರುಕು ಸೀಟಿ ಎಂದರೆ ಇದ್ದಲ್ಲೇ ಮರವಾಗಿ ನಿಲ್ಲಿ. ಈ ಕೊನೆಯದು ಅವರ ಜೀವಮಾನದ ಸಾಧನೆ. ಅದು ಕೇಳಿದರೆ ಓಡುತ್ತಿದ್ದವರು ಒಂದು ಕಾಲೆತ್ತಿ ನಿಲ್ಲುತ್ತಿದ್ದರು, ನಲ್ಲಿಯ ಬಳಿ ಇದ್ದವರು ಬಾಯಿತುಂಬ ನೀರು ತುಂಬಿಕೊಂಡು ಕೆನ್ನೆ ಉಬ್ಬಿಸಿ ನಿಲ್ಲುತ್ತಿದ್ದರು. ಅಂಚೆಯವನು ಕೂಡ ಒಮ್ಮೆ ಗೇಟಿನ ಬಳಿ ಸೈಕಲ್ಲಿನ ಮೇಲೆ ಒಂದು ಕಾಲು, ನೆಲದ ಮೇಲೆ ಒಂದು ಕಾಲು ಇಟ್ಟು ಕಲ್ಲಾಗಿ ನಿಂತುಬಿಟ್ಟಿದ್ದ. ಅವನೂ ಇದೇ ಶಾಲೆಯಲ್ಲಿ ಓದಿದವನು, ಪಾಪ.

ಇಷ್ಟೆಲ್ಲ ಪ್ರತಾಪವಿದ್ದ ಮನುಷ್ಯನಿಗೆ ಒಂದು ಕಡೆ ಮಾತ್ರ ಸೀಟಿ ಕೆಲಸಕ್ಕೆ ಬರುತ್ತಿರಲಿಲ್ಲ. ಅದು ಮಗಳು ಪುಟ್ಟಿ. ಅವಳು ಅದೇ ಶಾಲೆಯಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಳು. ಬೆಳಗ್ಗೆ ಅಪ್ಪನ ಸೈಕಲ್ಲಿನ ಹಿಂದೆ ಕೂತು ಹೊರಡುತ್ತಿದ್ದಳು. ಆದರೆ ಶಾಲೆಗೆ ಇನ್ನೂ ಒಂದು ಬೀದಿ ಇರುವಾಗಲೇ, ಕ್ಷೌರದ ಅಂಗಡಿಯ ಮೂಲೆಯಲ್ಲಿ, ಬೆನ್ನಿಗೆ ಬೆರಳಿನಿಂದ ತಿವಿಯುತ್ತಿದ್ದಳು. ಮೇಷ್ಟ್ರು ಬ್ರೇಕ್ ಹಿಡಿಯುತ್ತಿದ್ದರು. ಅವಳು ಇಳಿದು, ಅಪ್ಪ ಮುಂದೆ ಹೋಗಿ ಕಣ್ಮರೆಯಾಗುವ ತನಕ ಅಂಗಡಿಯ ಕನ್ನಡಿಯಲ್ಲಿ ಜಡೆ ಸರಿಮಾಡಿಕೊಳ್ಳುತ್ತ ನಿಂತಿದ್ದು, ಆಮೇಲೆ ಬೇರೆ ಯಾರದೋ ಮಗಳ ಹಾಗೆ ನಡೆದುಕೊಂಡು ಬರುತ್ತಿದ್ದಳು. ಶಾಲೆಯೊಳಗೆ ಅವಳ ಬಾಯಲ್ಲಿ ಅವರು 'ಸರ್'.

ತಪ್ಪು ಅವಳದೊಂದೇ ಅಲ್ಲ. ಮಗಳೆಂದು ಪಕ್ಷಪಾತ ಮಾಡುತ್ತಾರೆ ಎಂದು ಯಾರೂ ಅನ್ನಬಾರದೆಂದು ಮೇಷ್ಟ್ರು ಎಲ್ಲರಿಗಿಂತ ಮೊದಲು ಅವಳ ಉಗುರನ್ನೇ ನೋಡುತ್ತಿದ್ದರು, ಅವಳ ಶೂ ದಾರವನ್ನೇ ಎಳೆದು ಪರೀಕ್ಷಿಸುತ್ತಿದ್ದರು. ಸಾಲು ಎತ್ತರದ ಪ್ರಕಾರ ನಿಲ್ಲುವುದರಿಂದ, ತರಗತಿಯಲ್ಲೆಲ್ಲ ಕುಳ್ಳಿಯಾದ ಅವಳು ಯಾವಾಗಲೂ ಎಲ್ಲರಿಗಿಂತ ಮುಂದೆ, ಅಪ್ಪನ ಮೂಗಿನ ಕೆಳಗೇ ನಿಲ್ಲಬೇಕಾಗಿತ್ತು. ಅವರು ಅವಳನ್ನು ಹೆಸರು ಹಿಡಿದು ಕರೆಯುತ್ತಲೂ ಇರಲಿಲ್ಲ. "ಸಾಲಿನ ಮೊದಲನೆಯವಳೇ, ಭುಜ ಎತ್ತು!" ಎನ್ನುತ್ತಿದ್ದರು. ಹಿಂದಿನ ಹುಡುಗಿಯರು ಕಿಸಕ್ಕೆಂದು ನಗುತ್ತಿದ್ದರು.

ಒಂದು ಸಂಜೆ ಹೆಂಡತಿ ಹೊಲಿಗೆಯ ಪೆಡಲ್ ತುಳಿಯುತ್ತಲೇ ಸುದ್ದಿ ಹೇಳಿದಳು. "ಪುಟ್ಟಿ ಮುಂದಿನ ವರ್ಷ ಕಾಲುವೆ ಆಚೆ ಶಾಲೆಗೆ ಸೇರ್ತಾಳಂತೆ."

"ಯಾಕೆ? ನಮ್ ಶಾಲೆಗೇನಾಗಿದೆ?"

"ಶಾಲೆಗೇನೂ ಆಗಿಲ್ಲ." ಆಕೆ ಯಂತ್ರ ನಿಲ್ಲಿಸಿದಳು. "ಅಲ್ಲಿ ಡ್ರಿಲ್ ಮೇಷ್ಟ್ರ ಮಗಳು ಅಂತ ಯಾರೂ ಅನ್ನಲ್ವಂತೆ. ವರ್ಷದ ಕೊನೇವರೆಗೂ ನೋಡೋಣ ಅಂದಿದ್ದೀನಿ. ಆಮೇಲೂ ಬೇಕು ಅಂದ್ರೆ ನಾನು ಬೇಡ ಅನ್ನೋದಿಲ್ಲ. ದಿನಾ ಅಳ್ತಾ ಹೋಗೋ ಮಗುವನ್ನ ನೋಡಕ್ಕಾಗಲ್ಲ ರೀ ನನ್ ಕೈಲಿ."

ಮೇಷ್ಟ್ರು ಬಾಗಿಲ ಕಡೆ ತಿರುಗಿದರು. ಹೊಸಿಲ ಬಳಿ ಪುಟ್ಟಿಯ ಚಪ್ಪಲಿ ಒಂದು ಆ ಕಡೆ, ಒಂದು ಈ ಕಡೆ ಬಿದ್ದಿತ್ತು. ಅದನ್ನು ಸರಿ ಮಾಡುವ ಮನಸ್ಸೂ ಬರಲಿಲ್ಲ. ಅವರಿಗೆ ತುಂಬ ನೋವಾಗಿತ್ತು. ಆ ಮಗು ನಡೆಯಲು ಕಲಿತದ್ದೇ ಅವರ ಸೀಟಿಯ ದಾರ ಹಿಡಿದುಕೊಂಡು.

ಇದಾಗಿ ಸ್ವಲ್ಪ ದಿನಕ್ಕೆ ವಿಜ್ಞಾನದ ಮೇಡಂ ಹೆರಿಗೆ ರಜೆಯ ಮೇಲೆ ಹೋದರು. ಅದೇ ಸಮಯ ನೋಡಿಕೊಂಡು ತಪಾಸಣೆಯ ಸಾಹೇಬರು ಬರುವ ಸುದ್ದಿಯೂ ಬಂತು. ಮುಖ್ಯೋಪಾಧ್ಯಾಯಿನಿ, ಅಂದರೆ ದೊಡ್ಡ ಮೇಡಂ, ಶಿಕ್ಷಕರ ಕೊಠಡಿಗೆ ಬಂದು ಒಬ್ಬೊಬ್ಬರ ಮುಖವನ್ನೂ ನೋಡಿದರು. ಎಲ್ಲರೂ ತಟ್ಟನೆ ಕೆಲಸದಲ್ಲಿ ಮುಳುಗಿದರು. ಸೀಟಿ ಮೇಷ್ಟ್ರು ಮಾತ್ರ, ದೊಡ್ಡವರು ಬಂದಾಗ ಎದ್ದು ನಿಲ್ಲಬೇಕೆಂಬ ಶಿಸ್ತಿನಿಂದ, ಎದ್ದು ನಿಂತರು.

"ನೀವು ತಗೋತೀರಾ? ತುಂಬಾ ಸಂತೋಷ" ಅಂದರು ದೊಡ್ಡ ಮೇಡಂ.

"ನಾನು... ಮೇಡಂ..."

"ಒಂದೇ ಪಾಠ ಮೇಷ್ಟ್ರೇ. ತರಂಗಗಳು. ಒಂಬತ್ತನೇ ತರಗತಿಗೆ."

ಒಂಬತ್ತನೇ ತರಗತಿ ಎಂದ ಕೂಡಲೇ ಮೇಷ್ಟ್ರ ಬಾಯಿ ಮುಚ್ಚಿತು. ಮಗಳ ಮುಂದೆ, ಸೀಟಿ ಜೇಬಿಗಿಳಿಸಿ, ಕೈಯಲ್ಲಿ ಪುಸ್ತಕ ಹಿಡಿದು, ನಿಜವಾದ ಮೇಷ್ಟ್ರಾಗಿ ನಿಲ್ಲುವ ಅವಕಾಶ. ಉಗುರು ನೋಡುವ ಅಪ್ಪನಲ್ಲ, ಭೌತಶಾಸ್ತ್ರ ಹೇಳುವ ಅಪ್ಪ. ಅದನ್ನು ಕಂಡ ಮೇಲೆ ಯಾವ ಮಗಳು ಕಾಲುವೆ ದಾಟಿ ಹೋಗುತ್ತಾಳೆ? "ಆಗಲಿ ಮೇಡಂ" ಅಂದುಬಿಟ್ಟರು.

ಮನೆಯಲ್ಲಿ ಈ ಶುಭವಾರ್ತೆ ಕೇಳಿ ಪುಟ್ಟಿ ತಟ್ಟೆಯ ಮುಂದಿನಿಂದ ಎದ್ದುಬಿಟ್ಟಳು. "ಅಮ್ಮಾ, ನಾನು ಮುಂದಿನ ವರ್ಷ ಅಲ್ಲ, ನಾಳೆನೇ ಸೇರ್ತೀನಿ ಆ ಶಾಲೆಗೆ!"

ಮೇಷ್ಟ್ರು ಪುಸ್ತಕ ತೆರೆದರು. ಅಡ್ಡ ತರಂಗ, ನೀಳ ತರಂಗ, ಮೇಲ್ಮೈ ತರಂಗ, ಮಾಧ್ಯಮವೇ ಬೇಡದ ತರಂಗ. ಹೆಸರುಗಳೇನೋ ಸಾಲಾಗಿ ಚೆನ್ನಾಗಿದ್ದವು. ಆದರೆ ಎರಡನೆಯ ವಾಕ್ಯದಲ್ಲೇ ಕಾಲು ಸಿಕ್ಕಿಕೊಂಡಿತು. ತರಂಗದಲ್ಲಿ ಮಾಧ್ಯಮದ ಕಣಗಳು ಇದ್ದ ಜಾಗದಲ್ಲೇ ಕಂಪಿಸುತ್ತವೆ, ಮುಂದೆ ಸಾಗುವುದು ಶಕ್ತಿ ಮಾತ್ರ ಎಂದು ಬರೆದಿತ್ತು. ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರು, ಮೆಲ್ಲಗೆ ಓದಿದರು, ನಿಂತು ಓದಿದರು. ಜೀವನವಿಡೀ ಮಕ್ಕಳನ್ನು ಮುಂದಕ್ಕೆ ನಡೆಸಿದ ಮನುಷ್ಯ ಅವರು. ಯಾರೂ ಒಂದು ಹೆಜ್ಜೆ ಮುಂದಿಡದೆ ಏನೋ ಒಂದು ಮುಂದೆ ಹೋಗಿ ಮುಟ್ಟುತ್ತದೆ ಎಂದರೆ ಅದು ಅವರ ಕಣ್ಣಿಗೆ ಶುದ್ಧ ಸೋಮಾರಿತನದಂತೆ ಕಂಡಿತು. ಅಚ್ಚಿನ ತಪ್ಪಿರಬೇಕು ಎಂದುಕೊಂಡರು.

ಮೊದಲ ತರಗತಿ ಹಾಗಾಗಿಯೇ ಹಾಳಾಯಿತು. ಮಕ್ಕಳನ್ನು ಮೈದಾನಕ್ಕೆ ಕರೆತಂದು ಸಾಲು ಕಟ್ಟಿಸಿದರು. "ನೀವೆಲ್ಲ ಕಣಗಳು. ಒಬ್ಬರಾದ ಮೇಲೊಬ್ಬರು ಕೂತು ಏಳಬೇಕು, ಅದೇ ಅಲೆ" ಎಂದು ವಿವರಿಸಿದರು. ಅಲ್ಲಿಯವರೆಗೆ ಸರಿಯಾಗಿತ್ತು. ಆದರೆ ಅಭ್ಯಾಸಬಲ ನೋಡಿ, ಕೈ ಕೊರಳಿಗೆ ಹೋಯಿತು, ಎರಡು ತುಂಡು ಸೀಟಿ ಹೊರಟಿತು, "ಅಲೆ, ಮುಂದೆ ನಡೀ!" ಎಂಬ ಆಜ್ಞೆಯೂ ಹೊರಟಿತು. ಕೂತು ಏಳುತ್ತ, ಕೂತು ಏಳುತ್ತ ಇಡೀ ಒಂಬತ್ತನೇ ತರಗತಿ ಕಪ್ಪೆಗಳ ದಂಡಿನ ಹಾಗೆ ಮೈದಾನ ದಾಟಿ ಕಾಂಪೌಂಡ್ ಗೋಡೆಗೆ ಹೋಗಿ ಮುಟ್ಟಿತು. ಎಲ್ಲರಿಗಿಂತ ಮುಂದೆ ಕುಪ್ಪಳಿಸುತ್ತಿದ್ದವಳು ಪುಟ್ಟಿ. ಮಹಡಿಯ ಕಿಟಕಿಗಳಲ್ಲೆಲ್ಲ ಬೇರೆ ತರಗತಿಗಳ ಮಕ್ಕಳ ಮುಖಗಳು ತುಂಬಿಕೊಂಡಿದ್ದವು.

ಆ ಸಂಜೆ ಅವಳು ಅಪ್ಪನ ಸೈಕಲ್ ಹತ್ತಲೇ ಇಲ್ಲ. ಮನೆಗೆ ಬಂದು ಚೀಲ ಎಸೆದು ಅತ್ತಳು. "ಅಪ್ಪಾ, ಅಲೆ ಹೋಗ್ಬೇಕು! ಹುಡುಗ್ರು ಹೋಗ್ಬಾರ್ದು! ಅಷ್ಟೂ ಗೊತ್ತಾಗಲ್ವಾ ನಿಂಗೆ?"

"ಹುಡುಗ್ರು ಹೋಗ್ದೆ ಅಲೆ ಹೆಂಗೇ ಹೋಗುತ್ತೆ?" ಮೇಷ್ಟ್ರು ನಿಜವಾದ ಕಳಕಳಿಯಿಂದ ಕೇಳಿದರು. ಮಗಳು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು.

ಉತ್ತರ ಸಿಕ್ಕಿದ್ದು ಮಾರನೆಯ ಬೆಳಗ್ಗೆ, ಮನೆಯ ತಾರಸಿಯ ಮೇಲೆ. ಹೆಂಡತಿ ಒಗೆದ ಹಾಸಿಗೆ ಬಟ್ಟೆಗಳನ್ನು ಒಣಹಾಕುತ್ತಿದ್ದಳು. ಒದ್ದೆ ಬಟ್ಟೆಯ ಒಂದು ತುದಿಯನ್ನು ಮೇಷ್ಟ್ರ ಕೈಗೆ ತುರುಕಿ, ಇನ್ನೊಂದು ತುದಿ ತಾನು ಹಿಡಿದು ಫಟಾರನೆ ಕೊಡವಿದಳು. ಆಕೆಯ ಕೈಯಿಂದ ಎದ್ದ ಒಂದು ಉಬ್ಬು ಬಟ್ಟೆಯುದ್ದಕ್ಕೂ ಸರಸರ ಬಂದು ಮೇಷ್ಟ್ರ ಬೆರಳುಗಳಿಗೆ ಏಟು ಕೊಟ್ಟಿತು. ಬಟ್ಟೆಯ ನಡುವೆ ತೆಗೆಯಲು ಮರೆತ ಒಂದು ಕ್ಲಿಪ್ಪು ಕಚ್ಚಿಕೊಂಡಿತ್ತು. ಉಬ್ಬು ಬಂದಾಗ ಅದು ಮೇಲೆದ್ದಿತು, ಉಬ್ಬು ದಾಟಿದಾಗ ಕೆಳಗಿಳಿಯಿತು. ಇದ್ದಲ್ಲೇ ಇತ್ತು.

"ಇನ್ನೊಂದ್ಸಲ ಕೊಡವೇ" ಅಂದರು ಮೇಷ್ಟ್ರು.

ಆಕೆ ಕೊಡವಿದಳು. ಮತ್ತೆ ಏಟು. ಮತ್ತೆ ಕ್ಲಿಪ್ಪು ಎದ್ದು, ಇಳಿದು, ಇದ್ದಲ್ಲೇ ಉಳಿಯಿತು.

"ಬಟ್ಟೆ ನಿನ್ ಕೈಲೇ ಇದೆ."

"ಮತ್ತೆ? ನಿಮ್ ಕೈಗೆ ಬಿಟ್ರೆ ನೆಲಕ್ಕೆ ಹಾಕ್ತೀರಾ."

"ಬಟ್ಟೆ ಬರ್ಲಿಲ್ಲ, ಏಟು ಮಾತ್ರ ಬಂತು! ಅಚ್ಚಿನ ತಪ್ಪಲ್ಲ ಕಣೇ ಅದು!" ಮೇಷ್ಟ್ರು ಬಟ್ಟೆಯನ್ನು ಅಲ್ಲೇ ಬಿಟ್ಟು ಕೆಳಗೆ ಓಡಿದರು. ಅದು ನೆಲಕ್ಕೆ ಬಿತ್ತು. ಹಿಂದಿನಿಂದ ಬಂದ ಬೈಗುಳ ಕೂಡ ನೀಳ ತರಂಗವೇ ಎಂಬುದು ಅವರಿಗೆ ಮೆಟ್ಟಿಲ ಮೇಲೆ ಹೊಳೆಯಿತು.

ಅಲ್ಲಿಂದ ಅವರು ಬೇರೆ ಮನುಷ್ಯ. ಮೈದಾನಕ್ಕೆ ಗೆರೆ ಎಳೆಯುವ ಸುಣ್ಣದ ಪುಡಿ ತಂದು ಒಬ್ಬೊಬ್ಬ ಹುಡುಗನಿಗೂ ಹುಡುಗಿಗೂ ಒಂದೊಂದು ವೃತ್ತ ಬರೆದರು. "ಭೂಕಂಪ ಆದ್ರೂ ಪಾದ ಈ ವೃತ್ತದಿಂದ ಆಚೆ ಬರಬಾರದು" ಎಂದು ಕಟ್ಟಪ್ಪಣೆ ಮಾಡಿದರು. ಈಗ ಸಾಲು ಕೂತು ಎದ್ದಾಗ ಅಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು, ಹುಡುಗರು ಹೋಗಲಿಲ್ಲ. ಮೈ ಮೇಲೆ ಕೆಳಗೆ, ಅಲೆ ಅಡ್ಡಕ್ಕೆ. ಅದು ಅಡ್ಡ ತರಂಗ. ಆಮೇಲೆ ಒಬ್ಬರ ಹಿಂದೊಬ್ಬರು ನಿಂತು, ಮುಂದಿನವರ ಭುಜದ ಮೇಲೆ ಕೈಯಿಟ್ಟು, ಹಿಂದಿನಿಂದ ಬಂದ ನೂಕನ್ನು ಮುಂದಿನವರಿಗೆ ದಾಟಿಸಿ ತಾವು ನೆಟ್ಟಗಾಗಬೇಕು. ಮೈ ಹಿಂದೆ ಮುಂದೆ, ಅಲೆಯೂ ಅದೇ ದಿಕ್ಕಿಗೆ. ಅದು ನೀಳ ತರಂಗ. "ಗಾಳಿಯೊಳಗೆ ಸದ್ದು ಹೋಗೋದೂ ಹಿಂಗೇ" ಎಂದು ಹೇಳಿ ಸೀಟಿ ಊದಿ ತೋರಿಸಿದರು. ಮಕ್ಕಳೆಲ್ಲ ಅಭ್ಯಾಸದಂತೆ ಮರವಾಗಿ ನಿಂತದ್ದರಿಂದ ಆ ಉದಾಹರಣೆ ಮುಂದುವರಿಯಲಿಲ್ಲ.

ಮಾಧ್ಯಮವೇ ಬೇಡದ ತರಂಗವನ್ನು ಹೇಗೆ ತೋರಿಸುವುದೆಂದು ತಲೆ ಕೆಡಿಸಿಕೊಂಡಿದ್ದರು. ಕೊನೆಗೆ ಮಹಡಿಯ ಕಡೆ ಬೆರಳು ತೋರಿಸಿದರು. "ಬೆಳಕು. ಖಾಲಿ ಜಾಗದಲ್ಲೂ ಬರುತ್ತೆ. ದೊಡ್ಡ ಮೇಡಂ ಆ ಕಿಟಕಿಯಿಂದ ನಮ್ಮನ್ನ ನೋಡಿದ್ರೆ ಮಧ್ಯ ಏನೂ ಇಲ್ದೇ ಇದ್ರೂ ಇಲ್ಲಿಗೆ ತಾಗಲ್ವಾ?" ಮಕ್ಕಳು ತಲೆಯೆತ್ತಿ ನೋಡಿದರು. ದೊಡ್ಡ ಮೇಡಂ ನಿಜವಾಗಿಯೂ ಅಲ್ಲಿ ನಿಂತಿದ್ದರು. ಆ ಪಾಠ ಅಷ್ಟು ಚೆನ್ನಾಗಿ ಬೇರೆ ಯಾರಿಂದಲೂ ಅರ್ಥ ಮಾಡಿಸಲು ಸಾಧ್ಯವಿಲ್ಲ ಬಿಡಿ.

ಮನೆಯಲ್ಲಿ ಹೆಂಡತಿಯ ಮುಂದೆ ಕೊಚ್ಚಿಕೊಂಡರು. "ಇಷ್ಟು ವರ್ಷ ನಾನು ನೀಳ ತರಂಗ ಕಳಿಸ್ತಾ ಇದ್ದೆ ಕಣೇ, ನಂಗೇ ಗೊತ್ತಿರ್ಲಿಲ್ಲ."

"ನಂಗೆ ಗೊತ್ತಿತ್ತು. ಇಲ್ಲಿ ಬಂದು ತಲೆನೋವಾಗ್ತಿತ್ತು" ಅಂದಳು ಆಕೆ, ಸೂಜಿಗೆ ದಾರ ಪೋಣಿಸುತ್ತ.

ಪುಟ್ಟಿ ಈ ಸಲ ಕೋಣೆಯ ಬಾಗಿಲು ಹಾಕಿಕೊಳ್ಳದೆ ಅಲ್ಲೇ ಕೂತು ಓದುತ್ತಿದ್ದಳು. ಒಮ್ಮೆ ಮಾತ್ರ ತಲೆಯೆತ್ತಿ, "ಕೊನೇ ಪುಟ ಬಿಟ್ಟಿದ್ದೀಯಾ. ಗಟ್ಟಿ ವಸ್ತುವಿನಲ್ಲಿ ಅಲೆ ಜೋರಾಗಿ ಹೋಗುತ್ತೆ ಅಂತ ಇದೆ ನೋಡು" ಅಂದಳು. ಮೇಷ್ಟ್ರು ನೋಡಿದರು. ಕಬ್ಬಿಣ, ಗಾಳಿ, ವೇಗ ಎಂದೆಲ್ಲ ಇತ್ತು. "ಅದು ಸಾಹೇಬ್ರು ಕೇಳಲ್ಲ ಬಿಡು" ಎಂದು ಪುಸ್ತಕ ಮುಚ್ಚಿದರು. ಬೆಳಗ್ಗೆ ಕ್ಷೌರದ ಅಂಗಡಿಯ ಮೂಲೆಯಲ್ಲಿ ಬೆನ್ನಿಗೆ ಬೆರಳು ತಿವಿಯುವುದು ಮಾತ್ರ ನಿಂತಿರಲಿಲ್ಲ.

ತಪಾಸಣೆಯ ದಿನ ಬಂತು. ಸಾಹೇಬರು ಗಂಭೀರ ಮನುಷ್ಯ. ಬಿಸಿಲಿಗೆ ಅಗಲ ಅಂಚಿನ ಟೋಪಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಳೆಯುವ ಬೂಟು. ದೊಡ್ಡ ಮೇಡಂ ಅವರ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಡೆಯುತ್ತಿದ್ದರು. ಮೈದಾನದ ಅಂಚಿನಲ್ಲಿ ಮಕ್ಕಳು ಕೈ ತೊಳೆಯುವ ನಲ್ಲಿಗಳ ಕೆಳಗೆ ಒಂದು ಅಗಲವಾದ ಸಿಮೆಂಟಿನ ತೊಟ್ಟಿ ಇತ್ತು. ನೆಲದಿಂದ ಒಂದು ಗೇಣು ಎತ್ತರದ ಕಟ್ಟೆ, ಒಳಗೆ ಮೊಣಕಾಲು ಮುಳುಗುವಷ್ಟು ನೀರು. ನೆರಳು ಇದ್ದದ್ದು ಅಲ್ಲೊಂದೇ ಕಡೆ. ಹಾಗಾಗಿ ಮೇಷ್ಟ್ರು ಸಾಲನ್ನು ಆ ತೊಟ್ಟಿಯವರೆಗೆ ಎಳೆದಿದ್ದರು.

ಅಡ್ಡ ತರಂಗ ಹೂವೆತ್ತಿದ ಹಾಗೆ ಮುಗಿಯಿತು. ಸಾಹೇಬರ ಹುಬ್ಬು ಸ್ವಲ್ಪ ಮೇಲೇರಿತು. ದೊಡ್ಡ ಮೇಡಂ ಒಮ್ಮೆ ಉಸಿರಾಡಿದರು.

ನೀಳ ತರಂಗ ಶುರುವಾಯಿತು. ಮೇಷ್ಟ್ರು ಸಾಲಿನ ಹಿಂದೆ ನಿಂತು, ಎಲ್ಲರಿಗಿಂತ ಎತ್ತರದ ಹುಡುಗನ ಬೆನ್ನಿಗೆ ಮೆಲ್ಲಗೆ ನೂಕು ಕೊಟ್ಟರು. ಅಲೆ ಹೊರಟಿತು. ಆದರೆ ನಡುವಿನಲ್ಲಿ ಇಬ್ಬರು ಗೆಳತಿಯರಿಗೆ ನಗು ಬಂದು, ಮೈ ಸಡಿಲಾಗಿ, ಅಲೆ ಅಲ್ಲೇ ಸತ್ತಿತು.

"ಬರಲಿಲ್ಲವಲ್ಲ?" ಅಂದರು ಸಾಹೇಬರು.

"ಬರುತ್ತೆ ಸಾರ್. ಇನ್ನೊಂದು ಸಲ."

"ಹಾಗಾದ್ರೆ ನಾನೇ ತುದೀಲಿ ನಿಂತ್ಕೋತೀನಿ. ನನಗೆ ತಾಗಿದ್ರೆ ಬಂತು ಅಂತ ಅರ್ಥ." ಸಾಹೇಬರು ಬಂದು ಸಾಲಿನ ಮುಂತುದಿಯಲ್ಲಿ, ತೊಟ್ಟಿಯ ಕಡೆ ಮುಖ ಮಾಡಿ ನಿಂತರು. ಅವರ ಹಿಂದೆ ಪುಟ್ಟಿ. ಭುಜ ಎಟುಕದ್ದರಿಂದ ಅವಳು ಸಾಹೇಬರ ಬಿಳಿ ಅಂಗಿಯ ಬೆನ್ನಿನ ಮೇಲೆ ಎರಡೂ ಅಂಗೈ ಇಟ್ಟಳು.

ಈ ಸಲ ಅಲೆ ಸಾಯಬಾರದೆಂದು ಮೇಷ್ಟ್ರು ಕಾಲು ಊರಿ, ಮೈಭಾರವೆಲ್ಲ ಹಾಕಿ ನೂಕಲು ಮುಂದೆ ಬಾಗಿದರು. ಬಾಗುತ್ತಿದ್ದ ಹಾಗೆ ಸಾಲಿನುದ್ದಕ್ಕೂ ಅವರ ದೃಷ್ಟಿ ಹರಿಯಿತು. ಅಯ್ಯೋ! ನಗುತ್ತಿದ್ದ ಆ ಇಬ್ಬರು ಹುಡುಗಿಯರು ಒಂದು ಪಕ್ಕಕ್ಕೆ ವಾಲಿದ್ದರು. ಸಾಲು ಸೊಟ್ಟ! ತಪಾಸಣೆಯ ದಿನ, ಸಾಹೇಬರ ಎದುರಿಗೆ, ತಮ್ಮ ಸಾಲು ಸೊಟ್ಟ! ಬಾಯಲ್ಲಿದ್ದ ಸೀಟಿ ಅವರ ಅಪ್ಪಣೆಗೆ ಕಾಯಲಿಲ್ಲ. ಒಂದೇ ಒಂದು ಚುರುಕು ಸೀಟಿ ಹೊರಟಿತು. ಕೈಗಳೂ ಕಾಯಲಿಲ್ಲ, ಆ ಹೊತ್ತಿಗೇ ಎತ್ತರದ ಹುಡುಗನ ಬೆನ್ನಿಗೆ ಬಿದ್ದಾಗಿತ್ತು.

ಸೀಟಿ ಕೇಳಿದ್ದೇ ಒಂಬತ್ತನೇ ತರಗತಿ ಮರವಾಯಿತು. ಮೊಣಕೈ ಬಿಗಿಯಾಯಿತು, ಬೆನ್ನು ಸೆಟೆಯಿತು. ಸ್ಪ್ರಿಂಗಿನಂತೆ ಬಳುಕುತ್ತಿದ್ದ ಸಾಲು ಕಬ್ಬಿಣದ ಸಲಾಕೆಯಂತೆ ಗಟ್ಟಿಯಾಯಿತು. ಮೇಷ್ಟ್ರು ಕೊಟ್ಟ ನೂಕು ಎಲ್ಲೂ ಸಾಯದೆ, ಎಲ್ಲೂ ತಡೆಯದೆ, ಈ ತುದಿಯಿಂದ ಆ ತುದಿಗೆ ರಪ್ಪನೆ ಹೋಗಿ ಸಾಹೇಬರ ಬೆನ್ನನ್ನು ಮುಟ್ಟಿತು. ಸಾಹೇಬರು ಒಂದು ಬೂಟನ್ನು ತೊಟ್ಟಿಯೊಳಗಿಟ್ಟರು, ಇನ್ನೊಂದನ್ನೂ ಇಟ್ಟರು, ಆಮೇಲೆ ಎಲ್ಲವನ್ನೂ ಬಿಟ್ಟುಕೊಟ್ಟವರ ಹಾಗೆ ನೀರಿನಲ್ಲಿ ಮಂಡಿಯೂರಿ ಕೂತರು. ಟೋಪಿ ಹಾರಿ ತೊಟ್ಟಿಯ ಆಚೆ ಬದಿಯ ನೀರಿಗೆ ಬಿತ್ತು.

ದೊಡ್ಡ ಮೇಡಂ ಮೇಷ್ಟ್ರ ಕಡೆ ನೋಡಿದರು. ಮಧ್ಯೆ ಏನೂ ಇರಲಿಲ್ಲ, ಆದರೂ ತಾಗಿತು.

ಮೇಷ್ಟ್ರಿಗೆ ನೌಕರಿಯ ಯೋಚನೆ ಬರಲಿಲ್ಲ. ಅವರು ನೋಡಿದ್ದು ಮಗಳ ಬೆನ್ನನ್ನು. ಅವಳ ಎರಡೂ ಕೈ ಇನ್ನೂ ಗಾಳಿಯಲ್ಲಿ ಹಾಗೇ ಚಾಚಿಕೊಂಡಿದ್ದವು. ಸಾಹೇಬರನ್ನು ನೀರಿಗೆ ನೂಕಿದ ಕೈಗಳು ಅವಳವೇ ಆಗಬೇಕೇ? ಇನ್ನು ಕಾಲುವೆ ಆಚೆಯ ಶಾಲೆಯೂ ಸಾಲದು, ಈ ಮಗು ಸಮುದ್ರದ ಆಚೆ ಹೋದರೂ ನಗೆಪಾಟಲು ತಪ್ಪುವುದಿಲ್ಲ ಎಂದುಕೊಂಡರು.

ಸಾಹೇಬರು ಕತ್ತು ತಿರುಗಿಸಿದರು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಯಾರು ನನ್ನ ತಳ್ಳಿದ್ದು?"

"ಯಾರೂ ತಳ್ಳಿಲ್ಲ ಸರ್." ಪುಟ್ಟಿಯ ಧ್ವನಿ ನಡುಗುತ್ತಿತ್ತು, ಆದರೆ ನಿಲ್ಲಲಿಲ್ಲ. "ಅಲೆ ಬಂತು. ನೀವೇ ನೋಡಿ ಸರ್, ನಮ್ಮಲ್ಲಿ ಒಬ್ರೂ ಜಾಗ ಬಿಟ್ಟಿಲ್ಲ."

ಸಾಹೇಬರು ನೋಡಿದರು. ಸುಣ್ಣದ ವೃತ್ತಗಳು ಸಾಲಾಗಿ ಉದ್ದಕ್ಕೂ ಇದ್ದವು. ಪ್ರತಿ ವೃತ್ತದೊಳಗೂ ಎರಡೆರಡು ಪಾದ. ಒಂದು ಹೆಬ್ಬೆರಳೂ ಗೆರೆ ದಾಟಿರಲಿಲ್ಲ. ನೀರಿಗೆ ಹೋದವರು ವೃತ್ತವಿಲ್ಲದ ಸಾಹೇಬರೊಬ್ಬರೇ.

"ಮೊದಲ ಸಲ ಬರದೇ ಇದ್ದದ್ದು ಈ ಸಲ ಇಷ್ಟು ಜೋರಾಗಿ ಯಾಕೆ ಬಂತು?"

"ಸೀಟಿ ಊದಿದ ತಕ್ಷಣ ನಾವೆಲ್ಲ ಗಟ್ಟಿಯಾದ್ವಿ ಸರ್. ಗಟ್ಟಿ ವಸ್ತುವಿನಲ್ಲಿ ಅಲೆ ಜೋರಾಗಿ ಹೋಗುತ್ತೆ. ಕೊನೇ ಪುಟದಲ್ಲಿದೆ."

ಸಾಹೇಬರು ಮೇಷ್ಟ್ರ ಕಡೆ ತಿರುಗಿದರು. "ಸೀಟಿ ಯಾಕ್ರೀ ಊದಿದ್ರಿ?"

"ಸಾಲು ಸೊಟ್ಟ ಆಯ್ತು ಸಾರ್" ಅಂದರು ಮೇಷ್ಟ್ರು. ಸುಳ್ಳು ಹೇಳುವುದು ಅವರಿಗೆ ಹೊಳೆಯಲೂ ಇಲ್ಲ.

ಸಾಹೇಬರು ಮತ್ತೆ ಆ ಕುಳ್ಳ ಹುಡುಗಿಯನ್ನು ನೋಡಿದರು. "ಇದನ್ನೆಲ್ಲ ನಿನಗೆ ಯಾರಮ್ಮ ಹೇಳಿಕೊಟ್ಟಿದ್ದು?"

"ನಮ್ಮಪ್ಪ."

"ನಿಮ್ಮಪ್ಪ ಯಾರು?"

ಪುಟ್ಟಿ ವೃತ್ತದೊಳಗೆ ನಿಂತಂತೆಯೇ ಹಿಂದಕ್ಕೆ ತಿರುಗಿ, ಇಡೀ ತರಗತಿಯ ತಲೆಗಳ ಮೇಲಿಂದ ಕೈ ಚಾಚಿ ತೋರಿಸಿದಳು. "ಅವರೇ ಸರ್. ಡ್ರಿಲ್ ಮೇಷ್ಟ್ರು."

ಸೀಟಿ ಮೇಷ್ಟ್ರಿಗೆ ಮುಂದೇನು ಮಾಡಬೇಕೆಂದು ತೋಚಲಿಲ್ಲ. ಕಣ್ಣು ಒರೆಸಿಕೊಳ್ಳುವುದು ಕಾಣಬಾರದೆಂದು ಸಾಹೇಬರ ಟೋಪಿಯ ನೆಪ ಹಿಡಿದು ತೊಟ್ಟಿಯ ಕಡೆ ಓಡಿದರು. ಟೋಪಿ ಆಚೆ ಬದಿಯಲ್ಲಿ ತೇಲುತ್ತಿತ್ತು. ಕಟ್ಟೆಯ ಮೇಲೆ ಬಾಗಿ, ಅದು ತಮ್ಮ ಕಡೆ ಬರಲೆಂದು ನೀರನ್ನು ಕೈಯಿಂದ ಪಟಪಟ ಬಡಿದರು. ಉಂಗುರ ಉಂಗುರವಾಗಿ ಅಲೆಗಳು ಎದ್ದು ಟೋಪಿಯ ಕೆಳಗೆ ಹಾದುಹೋದವು. ಟೋಪಿ ಎದ್ದಿತು, ಇಳಿಯಿತು, ಅಲ್ಲೇ ಇತ್ತು. ಮೇಷ್ಟ್ರು ಇನ್ನೂ ಜೋರಾಗಿ ಬಡಿದರು. ಸಾಹೇಬರ ಅಂಗಿಯಲ್ಲಿ ನೆನೆಯದೆ ಉಳಿದಿದ್ದ ಭಾಗವೂ ಒದ್ದೆಯಾಯಿತು.

"ನಿಲ್ಲಿಸ್ರೀ!" ಸಾಹೇಬರು ಕೈಯೆತ್ತಿದರು. ಅಧಿಕಾರಿಯಾಗುವ ಮೊದಲು ಅವರೂ ವಿಜ್ಞಾನದ ಮೇಷ್ಟ್ರೇ ಆಗಿದ್ದವರು. ಆ ಹಳೆಯ ರೋಗ ಎಲ್ಲಿಂದಲೋ ಮರುಕಳಿಸಿ, ಮಂಡಿ ಮುಳುಗುವ ನೀರಿನಲ್ಲಿ ಕೂತೇ ಮಕ್ಕಳ ಕಡೆ ತಿರುಗಿದರು. "ನೋಡಿದ್ರಾ ಮಕ್ಕಳೇ? ಹಾಗೆ ಬಡಿದ್ರೆ ಟೋಪಿ ಬರಲ್ಲ. ಅಲೆ ಮುಂದೆ ಹೋಗುತ್ತೆ, ನೀರು ಇದ್ದಲ್ಲೇ ಚಿಕ್ಕದಾಗಿ ಒಂದು ಸುತ್ತು ಹಾಕಿ ವಾಪಸ್ ಬರುತ್ತೆ. ಏನಂತಾರೆ ಇದಕ್ಕೆ?"

"ಮೇಲ್ಮೈ ತರಂಗ ಸರ್!" ಇಡೀ ತರಗತಿ ಕಿರುಚಿತು. ಆಮೇಲೆ ಯಾರೋ ಒಬ್ಬರು ನಕ್ಕರು. ಸಾಹೇಬರೂ ನಕ್ಕರು. ಕೊನೆಗೆ ದೊಡ್ಡ ಮೇಡಂ ಕೂಡ, ತಮಗೆ ನಗಲು ಬರುತ್ತದೆಂದು ಅವರಿಗೇ ಆಶ್ಚರ್ಯವಾದಂತೆ, ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕರು. ಸೀಟಿ ಮೇಷ್ಟ್ರು ಪ್ಯಾಂಟಿನ ಸಮೇತ ತೊಟ್ಟಿಗಿಳಿದು ಟೋಪಿಯನ್ನು ಕೈಯಿಂದ ಎತ್ತಿಕೊಟ್ಟರು.

ಹೊರಡುವಾಗ ಸಾಹೇಬರು ಬೂಟಿನ ನೀರು ಸುರಿಯುತ್ತ ದೊಡ್ಡ ಮೇಡಂಗೆ ಹೇಳಿದರು, "ಪಾಠ ಮಕ್ಕಳಿಗೆ ಅರ್ಥವಾಗಿದೆ. ನನಗೂ ಆಯ್ತು. ಮುಂದಿನ ಪಾಠ ಯಾವುದು?"

"ವಿದ್ಯುತ್ತು ಸರ್."

"ಅದನ್ನ ಬೇರೆ ಯಾರ ಕೈಲಾದ್ರೂ ಮಾಡಿಸಿ."

ಸೀಟಿ ಮೇಷ್ಟ್ರ ಭೌತಶಾಸ್ತ್ರ ಅಲ್ಲಿಗೆ ಮುಗಿಯಿತು. ಅದರಿಂದ ಅವರಿಗೇನೂ ಬೇಸರವಾಗಲಿಲ್ಲ. ಸಂಜೆ ಮನೆಯಲ್ಲಿ ಹೆಂಡತಿ ಕಥೆಯನ್ನೆಲ್ಲ ಕೇಳಿ ಹೊಲಿಗೆ ಯಂತ್ರದ ಮೇಲೆ ತಲೆಯಿಟ್ಟು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ಪುಟ್ಟಿಯೂ ನಗುತ್ತಿದ್ದಳು. ಕಾಲುವೆ ಆಚೆಯ ಶಾಲೆಯ ಮಾತನ್ನು ಯಾರೂ ಎತ್ತಲಿಲ್ಲ. ಮೇಷ್ಟ್ರು ಕೇಳಬೇಕೆಂದುಕೊಂಡರು, ಧೈರ್ಯ ಬರಲಿಲ್ಲ. ಸಾಹೇಬರ ಎದುರು ಏನೋ ಬಾಯಿತಪ್ಪಿ ಬಂದ ಮಾತಿರಬಹುದು ಎಂದು ಅವರಿಗೆ ಒಳಗೊಳಗೇ ಅಳುಕಿತ್ತು.

ಮಾರನೆಯ ಬೆಳಗ್ಗೆ ಎಂದಿನಂತೆ ಸೈಕಲ್ ಹೊರಟಿತು. ಪುಟ್ಟಿ ಹಿಂದೆ ಕೂತಿದ್ದಳು. ಕ್ಷೌರದ ಅಂಗಡಿ ಕಾಣಿಸಿತು. ಮೇಷ್ಟ್ರ ಬೆನ್ನು ಆ ಬೆರಳಿಗಾಗಿ ಕಾಯುತ್ತಿತ್ತು. ಬೆರಳು ಬರುವ ಮೊದಲೇ ಅಭ್ಯಾಸಬಲದಿಂದ ಅವರೇ ಬ್ರೇಕ್ ಹಿಡಿದು, ಕಾಲೂರಿ ನಿಂತರು. ಹಿಂದೆ ತಿರುಗಿ ನೋಡಲಿಲ್ಲ.

ಯಾರೂ ಇಳಿಯಲಿಲ್ಲ.

"ಯಾಕಪ್ಪಾ ನಿಲ್ಲಿಸ್ದೆ?" ಅಂದಳು ಪುಟ್ಟಿ. "ತುಳಿ, ಬೆಲ್ ಹೊಡೆಯುತ್ತೆ."